ಮೂರನೇ ಗೇರಿನ ಸದ್ದು

“ಯಾರೂ ಕೀ ತಿರುಗಿಸಬೇಡಿ.”

ಸರ್ವೇಯರಮ್ಮ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ನಿಂತರು. ಆಮೇಲೆ ತಲೆಯಾಡಿಸಿದರು.

“ತಣ್ಣಗಿದೆ. ಒಳ್ಳೇದು. ನಾವು ಬರೋಕೆ ಮುಂಚೆ ಬಿಸಿ ಮಾಡಿಟ್ಟ ಡೀಸೆಲ್ ಇಂಜಿನ್ನು ಏನು ಕೇಳಿದ್ರೂ ಸುಳ್ಳೇ ಹೇಳುತ್ತೆ.”

ಕಾರಿನ ಯಜಮಾನರು ಸಸಿಗಳ ನರ್ಸರಿ ನಡೆಸುವವರು. ಎತ್ತರದ ಆಳು, ಅಗಲ ಭುಜ. ಕೈಗಂಟಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಕುಂಡಗಳ ಸಾಲಿನ ಆಚೆಗೇ ನಿಂತಿದ್ದರು. ಮಾತು ಕಡಿಮೆ, ಬಂದವರ ಮುಖ ನೋಡುವುದು ಇನ್ನೂ ಕಡಿಮೆ. ಆದರೆ ಬಾಬಿನ್ ಮಾಮ ಊರುಗೋಲು ಊರಿಕೊಂಡು ಗೇಟು ದಾಟಿದಾಗ ಅವರ ಕಣ್ಣು ಅವನ ಬಲಗಾಲಿನ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತ್ತು. ಮಾಮನಿಗೆ ಅದು ಗೊತ್ತಾಗಿತ್ತು. ಕುಂಟುವವರಿಗೆ ಅಂಥದ್ದು ಬೇಗ ಗೊತ್ತಾಗುತ್ತದೆ.

ಬಾಬಿನ್ ಮಾಮ ಎಂಬುದು ಬಡಾವಣೆಯ ಮಕ್ಕಳಿಟ್ಟ ಹೆಸರು. ಅವನು ಹೊಲಿಗೆ ಮಷೀನು ರಿಪೇರಿ ಮಾಡುವವನು. ಕವರು ಬಿಚ್ಚುವ ಮೊದಲೇ, ಎರಡು ಸಲ ಪೆಡಲು ತುಳಿದು ಕೇಳಿ, ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಕಿವಿ ಅವನದು. ಎರಡು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಗಿನ ಜಾವ, ಕಾರ್ಖಾನೆ ರಸ್ತೆಯಲ್ಲಿ ಯಾವುದೋ ಗಾಡಿ ಅವನ ಸೈಕಲ್ಲಿಗೆ ಗುದ್ದಿ ಹೋಗಿತ್ತು. ಇನ್ಯಾರೋ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಮುಟ್ಟಿಸಿ, ಹೆಸರೂ ಹೇಳದೆ ಮಾಯವಾಗಿದ್ದರು.

ಗುದ್ದಿದವರನ್ನು ಹುಡುಕಲು ಪೊಲೀಸರಿದ್ದರು. ಎತ್ತಿದವರನ್ನು ಹುಡುಕಲು ಯಾರೂ ಇರಲಿಲ್ಲ. ಅದಕ್ಕೇ ಅವನು ಸರ್ವೇಯರಮ್ಮನ ಬಾಗಿಲು ತಟ್ಟಿದ್ದು. ಅವರು ಮೂವತ್ತು ವರ್ಷ ವಿಮಾ ಕಂಪನಿಗಾಗಿ ಜಜ್ಜಿಹೋದ ಗಾಡಿಗಳ ಕಥೆ ಓದಿದವರು. ನಿವೃತ್ತಿಯಾದ ಮೇಲೆ ಹಳೇ ಕಾರು ಕೊಳ್ಳುವವರಿಗೆ ಕಾರು ನೋಡಿಕೊಡುತ್ತಿದ್ದರು.

ಕೈಯಲ್ಲಿದ್ದ ಸುಳಿವು ಮೂರೇ ಮೂರು. ಬೂದು ನೀಲಿ ಬಣ್ಣದ ಸಣ್ಣ ಡೀಸೆಲ್ ಕಾರು, ಹಿಂದಿನ ಬಾಗಿಲು ಮೇಲಕ್ಕೆ ತೆರೆಯುವಂಥದ್ದು, ಎಂದು ಆಸ್ಪತ್ರೆಯ ಕಾವಲುಗಾರ ಹೇಳಿದ್ದ. ಮಲಗಿದ್ದಾಗ ಮುಖಕ್ಕೆ ಎಲೆ ತಾಗುತ್ತಿತ್ತು ಎಂದು ಮಾಮ ಹೇಳಿದ್ದ. ಡಾಕ್ಟರು ಅದನ್ನು ಜ್ವರದ ಕನಸು ಎಂದಿದ್ದರು. ಮೂರನೆಯದು, ಕಿವಿಯ ಹತ್ತಿರವೇ ಕೇಳಿದ ಒಂದು ಸದ್ದು. ಟಿಕ್ ಟಿಕ್ ಟಿಕ್, ಒಂದು ಬಿಡುವು, ಮತ್ತೆ ಟಿಕ್ ಟಿಕ್ ಟಿಕ್.

ಆ ಬಣ್ಣದ ಎಂಟು ಕಾರು ನೋಡಿದ್ದಾಗಿತ್ತು. ಇದು ಒಂಬತ್ತನೆಯದು, ಮಾರಾಟಕ್ಕಿತ್ತು. ಕೊಳ್ಳುವವರ ವೇಷದಲ್ಲಿ ಬಂದಿದ್ದರು. ಬರುಬರುತ್ತಾ ಆ ವೇಷ ಮಾಮನ ಹೆಂಡತಿಗೆ ನಿಜವೇ ಆಗಿಬಿಟ್ಟಿತ್ತು.

“ಥ್ಯಾಂಕ್ಸ್ ಹೇಳೋಕೆ ಅಂತ ಒಂಬತ್ತು ಕಾರು ನೋಡಿದ್ವಿ. ಒಂದನ್ನಾದ್ರೂ ಕೊಂಡ್ಕೊಳ್ಳೋಣ ರೀ,” ಎಂದು ದಾರಿಯಲ್ಲೇ ಅಂದಿದ್ದಳು. “ಎಷ್ಟು ದಿನ ಅಂತ ಆ ಕಾಲಿಟ್ಕೊಂಡು ಬಸ್ಸು ಹತ್ತಿ ಇಳೀತೀರ?”

ಸರ್ವೇಯರಮ್ಮ ಡ್ರೈವರ್ ಸೀಟಿನಲ್ಲಿ ಕೂತು, ಇಂಜಿನ್ನು ಒಳಗೇ ಕಾಯುತ್ತಿದೆ ಎಂದು ತೋರಿಸುವ ಡ್ಯಾಶ್‌ಬೋರ್ಡಿನ ಹಳದಿ ಸುರುಳಿ ದೀಪ ಆರುವವರೆಗೂ ಕಾದು ಕೀ ತಿರುಗಿಸಿದರು. ಇಂಜಿನ್ನು ಒಂದೇ ಸಲಕ್ಕೆ ಎದ್ದಿತು. ಸ್ವಲ್ಪ ಗೊಣಗಿ, ಮೈ ಅಲುಗಿಸಿ, ಸುಮ್ಮನೆ ಕೂತು ಓಡತೊಡಗಿತು. ಅವರು ಇಳಿದು ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಬಿಳಿ ಕರ್ಚೀಫು ಹಿಡಿದರು. ಮುಂದೆ ಬಂದು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅಲ್ಲಿಂದ ಬರುವ ಉಸಿರಿಗೆ ಅಂಗೈ ಒಡ್ಡಿದರು.

“ಹೊಗೆ ಇಲ್ಲ. ಎದೆ ಗಟ್ಟಿಯಾಗಿದೆ,” ಎಂದರು. “ಲೀಟರಿಗೆ ಎಷ್ಟು ಕೊಡುತ್ತೆ ಯಜಮಾನರೇ?”

“ಇಪ್ಪತ್ನಾಲ್ಕು ಅಂತ ಕಾರಿನ ಮೀಟರು ತೋರಿಸುತ್ತೆ. ನನಗೆ ಸಿಗೋದು ಇಪ್ಪತ್ತೊಂದು.”

ಸರ್ವೇಯರಮ್ಮ ಹುಬ್ಬೇರಿಸಿದರು. ಕಾರು ಮಾರುವವರಲ್ಲಿ ಕಡಿಮೆ ಲೆಕ್ಕ ಹೇಳುವವರನ್ನು ಅವರು ಹೆಚ್ಚು ಕಂಡವರಲ್ಲ.

“ಬನ್ನಿ, ಒಂದು ಸುತ್ತು ಹೋಗಿ ಬರೋಣ.”

“ನೀವೇ ಹೋಗಿ ಬನ್ನಿ. ನಾನು ಬರಲ್ಲ,” ಎಂದವರೇ ನರ್ಸರಿಯವರು ಬೆನ್ನು ತಿರುಗಿಸಿ ಸಸಿಗಳಿಗೆ ನೀರು ಬಿಡಲು ಹೊರಟುಬಿಟ್ಟರು. ತನ್ನ ಕಾರನ್ನು ಗುರುತಿಲ್ಲದವರ ಕೈಗೆ ಹೀಗೆ ಕೊಟ್ಟು ಕಳಿಸುವವರೂ ಇದ್ದಾರೆಯೇ ಎಂದು ಮಾಮನ ಹೆಂಡತಿ ಬೆರಗಾದಳು.

ಮೊದಲು ಅವಳದೇ ಪರೀಕ್ಷೆ. ಮುಂದಿನ ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಸೀಟು ಎಷ್ಟು ಎತ್ತರಕ್ಕಿದೆ, ಮಡಚದ ಮೊಣಕಾಲನ್ನು ಒಳಗೆ ತಂದುಕೊಳ್ಳಲು ಜಾಗವಿದೆಯೇ, ಎಲ್ಲವನ್ನೂ ಗಂಡನನ್ನು ಎರಡೆರಡು ಸಲ ಕೂರಿಸಿ ಎಬ್ಬಿಸಿ ನೋಡಿದಳು.

“ಸಾಕು ಮಾರಾಯ್ತಿ, ಸೀಟು ಸವೆದುಹೋಗುತ್ತೆ,” ಎಂದ ಮಾಮ.

“ಸವೀಲಿ. ಡಿಕ್ಕೀಲಿ ನಿಮ್ಮ ಮಷೀನು ಎರಡು ಹಿಡಿಸುತ್ತಾ ನೋಡಿ.”

“ಎರಡಲ್ಲ, ನಾಲ್ಕು ಹಿಡಿಸುತ್ತೆ,” ಎಂದರು ಸರ್ವೇಯರಮ್ಮ. “ದಿನಾ ಎಷ್ಟು ದೂರ ಓಡಾಡ್ತೀರಿ ಬಾಬಿನ್ನೋರೇ?”

“ಕಾರ್ಖಾನೆಗಳೆಲ್ಲ ಊರಾಚೆ. ಹೋಗಿ ಬಂದು ಐವತ್ತು ಕಿಲೋಮೀಟರ್ ಆಗುತ್ತೆ.”

“ಹಾಗಾದ್ರೆ ಡೀಸೆಲ್ ಸರಿ. ಬರೀ ಮಾರ್ಕೆಟ್ಟಿಗೆ ಹೋಗಿ ಬರೋರಿಗೆ ನಾನು ಬೇಡ ಅಂತೀನಿ. ಇದಕ್ಕೆ ಹೊಗೆ ಸೋಸೋ ಫಿಲ್ಟರ್ ಇರುತ್ತೆ. ಆಗಾಗ ದೂರ ಓಡಿಸಿ ಕಾಯಿಸದೇ ಇದ್ರೆ ಮಸಿ ಕಟ್ಟಿಕೊಳ್ಳುತ್ತೆ.”

ಹೆಂಡತಿ ಮುಂದೆ, ಮಾಮ ಹಿಂದೆ ಕೂತ ಮೇಲೆ ಕಾರು ಗೇಟು ದಾಟಿತು. ಮೊದಲ ತಿರುವಿನಲ್ಲೇ ಸರ್ವೇಯರಮ್ಮನ ಮುಖ ಅರಳಿತು. ಸ್ಟೇರಿಂಗು ಹಗುರ, ಕ್ಲಚ್ಚು ಮೆತ್ತಗೆ. ನಿಧಾನಕ್ಕೆ ಹೋಗುವಾಗ ಇಂಜಿನ್ನು ತೂಕಡಿಸುವ ಹಾಗಿತ್ತು. ಆಕ್ಸಿಲರೇಟರು ಒತ್ತಿ ಎರಡು ಎಣಿಸುವಷ್ಟರಲ್ಲಿ ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗೆ ಮುನ್ನುಗ್ಗಿತು. ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದರು. ಒಂದಿಷ್ಟೂ ಹಿಂದೆ ಜಾರಲಿಲ್ಲ.

“ಹಂಪುಗಳ ಮೇಲೆ ಸ್ವಲ್ಪ ಬಿರುಸು. ಹಿಂದೆ ಕೂತೋರಿಗೆ ಗೊತ್ತಾಗುತ್ತೆ. ಟೈರು ಇನ್ನೊಂದು ವರ್ಷ ಬರುತ್ತೆ. ಉಳಿದ ಹಾಗೆ ಮನೆಮಂದಿಗೆ ಹೇಳಿ ಮಾಡಿಸಿದ ಗಾಡಿ,” ಎಂದರು. ಆಮೇಲೆ ಕನ್ನಡಿಯಲ್ಲಿ ಮಾಮನನ್ನು ನೋಡಿ ದನಿ ಇಳಿಸಿದರು. “ಕಾರಿನ ಕೆಲಸ ಮುಗೀತು. ಈಗ ನಿಮ್ಮ ಕೆಲಸ. ಮಲಗ್ತೀರಾ?”

ಮಾಮ ಊರುಗೋಲನ್ನು ಸೀಟಿನ ಕೆಳಗೆ ಸರಿಸಿದ.

ಹೆಂಡತಿ ತನ್ನ ಸೀಟನ್ನು ಆದಷ್ಟು ಮುಂದಕ್ಕೆ ಎಳೆದುಕೊಂಡಳು. ಅವನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಒರಗಿ, ಎಡಬಾಗಿಲಿನ ಕಡೆ ತಲೆ ಇಟ್ಟು, ಕಾಲನ್ನು ಹೇಗೋ ಹೊಂದಿಸಿಕೊಂಡ. ಹಿಂದಿನ ಎಂಟು ಕಾರುಗಳಲ್ಲೂ ಹೀಗೇ ಮಲಗಿ ಎದ್ದಿದ್ದ. ನಾಲ್ಕನೆಯದರಲ್ಲಿ ನಿದ್ದೆಯೇ ಹೋಗಿದ್ದ ಎಂದು ಹೆಂಡತಿ ಈಗಲೂ ರೇಗಿಸುತ್ತಿದ್ದಳು.

ರಸ್ತೆ ಹಾಳಾಗಿದ್ದ ಕಡೆಗೆ ಕಾರು ತಿರುಗಿತು. ಒಂದನೇ ಗೇರು. ಎರಡನೇ ಗೇರು. ಸುಮ್ಮನೆ ಟೈರಿನ ಸದ್ದು, ಗಾಳಿಯ ಸದ್ದು.

ಮೂರನೇ ಗೇರು.

ಟಿಕ್ ಟಿಕ್ ಟಿಕ್.

ಬಿಡುವು.

ಟಿಕ್ ಟಿಕ್ ಟಿಕ್.

ಮಾಮ ಕಾರಿನ ಮಾಡು ನೋಡುತ್ತಾ ಮಲಗಿಯೇ ಇದ್ದ. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಅವತ್ತು ಪ್ರಾಣ ಹೋಗಿಬರುತ್ತಿದ್ದಾಗ ಅವನು ಈ ಸದ್ದನ್ನೇ ಹಿಡಿದುಕೊಂಡಿದ್ದ. ಎಲ್ಲೋ ಒಂದು ಸ್ಕ್ರೂ ಸಡಿಲವಾಗಿದೆ, ಎದ್ದ ಮೇಲೆ ಬಿಗಿ ಮಾಡಬೇಕು ಎಂದು ಅಂದುಕೊಂಡೇ ಉಸಿರು ಎಳೆದಿದ್ದ.

“ರೀ? ಮತ್ತೆ ನಿದ್ದೆನಾ?” ಎಂದು ಹೆಂಡತಿ ತಿರುಗಿದಳು. ಅವನ ಮುಖ ನೋಡಿ ಅವಳ ನಗು ಅಲ್ಲೇ ನಿಂತಿತು. “ಅಕ್ಕಾ, ಗಾಡಿ ನಿಲ್ಸಿ.”

ರಸ್ತೆ ಬದಿಯ ಒಂದು ಉದ್ಯಾನದ ಗೋಡೆಯ ಪಕ್ಕ ನಿಲ್ಲಿಸಿದರು. ಸರ್ವೇಯರಮ್ಮ ಮಾಮನನ್ನು ಎಬ್ಬಿಸಿ ಇಳಿಸಿ, ಹಿಂದಿನ ಸೀಟಿನ ಬೆನ್ನನ್ನು ಮಡಚಿದರು. ಅದನ್ನು ಹಿಡಿದಿಡುವ ಕೊಂಡಿಯ ರಬ್ಬರು ಸವೆದು ಹಾಳೆಯಷ್ಟು ತೆಳ್ಳಗಾಗಿತ್ತು. ಕೊಂಡಿ ಲೊಟಲೊಟ ಆಡುತ್ತಿತ್ತು.

“ಮೂರನೇ ಗೇರಿನ ನಡುಕಕ್ಕೆ ಟಿಕ್ ಟಿಕ್ ಅನ್ನೋದು ಇದೇ. ದಿನಾ ಸೀಟು ಮಡಚಿ ಸಸಿ ತುಂಬಿಸ್ತಾರೆ. ಅದಕ್ಕೇ ಸವೆದಿದೆ.” ಸೀಟಿನ ಸಂದಿಗೆ ಬೆರಳು ಹಾಕಿ ತೆಗೆದರು. ತೆಂಗಿನ ನಾರಿನ ಪುಡಿ, ಮಣ್ಣು, ಒಣಗಿದ ಒಂದು ಎಲೆ. “ನಿಮ್ಮ ಡಾಕ್ಟರಿಗೆ ಹೇಳಿ, ಅದು ಜ್ವರದ ಕನಸಲ್ಲ. ಡಿಕ್ಕಿ ತುಂಬ ಗಿಡ ಇತ್ತು, ಕೊಂಬೆ ಸೀಟಿನ ಮೇಲಕ್ಕೆ ಬಾಗಿತ್ತು.”

ಮಾಮ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಅಲುಗಾಡಿಸಿದ.

ಆದರೆ ಸರ್ವೇಯರಮ್ಮ ನಗಲಿಲ್ಲ. ಕೈ ಬಿಡಿಸಿಕೊಂಡು ಕಾರಿನ ಮುಂದಕ್ಕೆ ಹೋದರು. ಬಗ್ಗಿದರು. ಬಲಗಡೆಯ ಹೆಡ್‌ಲೈಟು ನೋಡಿದರು, ಎಡಗಡೆಯದು ನೋಡಿದರು. ಬಂಪರಿನ ಕೆಳಗೆ ಕೈ ಹಾಕಿ ಸ್ಕ್ರೂಗಳನ್ನು ಒಂದೊಂದಾಗಿ ತಡವಿದರು.

“ಏನು ಮೇಡಂ?”

“ಬಲಗಡೆ ದೀಪದ ಗಾಜು ಹಳದಿ ತಿರುಗಿದೆ. ಬಿಸಿಲಿಗೆ ಏಳೆಂಟು ವರ್ಷದಲ್ಲಿ ಹಾಗಾಗುತ್ತೆ. ಎಡಗಡೆಯದು ಕನ್ನಡಿ ಹಾಗಿದೆ. ಹೆಚ್ಚಂದ್ರೆ ಎರಡು ವರ್ಷ.” ಅವರು ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡರು. “ಬಂಪರಿನ ಸ್ಕ್ರೂ ಕೂಡ ಎಡಗಡೆ ಮಾತ್ರ ಹೊಸದು. ನಿಮ್ಮ ಸೈಕಲ್ಲಿಗೆ ಏಟು ಬಿದ್ದದ್ದು ಯಾವ ಕಡೆಯಿಂದ ಬಾಬಿನ್ನೋರೇ?”

ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ರಸ್ತೆಯ ಅಂಚಿನಲ್ಲಿ ಹೋಗುವ ಸೈಕಲ್ಲಿಗೆ ಹಿಂದಿನಿಂದ ಬಂದ ಕಾರಿನ ಎಡಮೂತಿಯೇ ತಾಗುವುದು.

ಹೆಂಡತಿ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. “ಅಂದ್ರೆ ಗುದ್ದಿದೋರೂ ಅವರೇ? ಎತ್ತಿದೋರೂ ಅವರೇ?”

“ಮೇಡಂ, ಬೇಡ,” ಎಂದ ಮಾಮ. “ಎರಡು ವರ್ಷದಿಂದ ದಿನಾ ಬೆಳಿಗ್ಗೆ ಏಳುವಾಗ ಆ ಮನುಷ್ಯನ್ನ ನೆನೆಸ್ಕೊಂಡು ಏಳ್ತೀನಿ. ಈ ಕಾಲು ನೋಯೋವಾಗ್ಲೂ, ಲೋಕದಲ್ಲಿ ಅಂಥೋರೂ ಒಬ್ರಿದ್ದಾರಲ್ಲ ಅಂತ ಸಮಾಧಾನ ಮಾಡ್ಕೋತೀನಿ. ಅದೊಂದನ್ನ ನನ್ನಿಂದ ಕಿತ್ಕೋಬೇಡಿ.”

“ಕೇಳದೇ ಹೋದ್ರೆ ಉಳಿಯುತ್ತಾ ಅದು?” ಎಂದರು ಸರ್ವೇಯರಮ್ಮ, ಮೆತ್ತಗೆ. “ಇನ್ಮೇಲೆ ನೆನೆಸ್ಕೊಂಡಾಗೆಲ್ಲ ಈ ಹೆಡ್‌ಲೈಟೂ ನೆನಪಿಗೆ ಬರುತ್ತೆ.”

ಅವರು ಕಾರನ್ನು ನರ್ಸರಿಯ ಕಡೆ ತಿರುಗಿಸಿದರು. ಮೂರನೇ ಗೇರಿನಲ್ಲಿ ಆ ಕೊಂಡಿ ಒಂದೇ ಸಮನೆ ಮಾತಾಡುತ್ತಿತ್ತು.

ನರ್ಸರಿಯವರು ಶೆಡ್ಡಿನಲ್ಲಿ ಕೂತು ಚಿಕ್ಕ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ಸರ್ವೇಯರಮ್ಮ ಕೀಯನ್ನು ಅವರ ಮುಂದಿನ ಹಲಗೆಯ ಮೇಲೆ ಇಟ್ಟರು.

“ಕಾರು ಚೆನ್ನಾಗಿದೆ. ಒಂದೇ ಒಂದು ಪ್ರಶ್ನೆ. ಎಡಗಡೆ ಹೆಡ್‌ಲೈಟು ಯಾವಾಗ ಬದಲಾಯಿಸಿದ್ರಿ?”

ಮಣ್ಣು ತುಂಬುತ್ತಿದ್ದ ಕೈ ನಿಂತಿತು.

“ನೆನಪಿಲ್ಲ.”

“ನಾನು ಹೇಳ್ಲಾ? ಎರಡು ವರ್ಷದ ಹಿಂದೆ. ಕಾರ್ಖಾನೆ ರಸ್ತೆ. ಬೆಳಿಗ್ಗೆ ಐದೂಮುಕ್ಕಾಲು. ಮಂಜಿತ್ತು.”

ನರ್ಸರಿಯವರು ತಲೆ ಎತ್ತಿದರು. ಸರ್ವೇಯರಮ್ಮನನ್ನಲ್ಲ, ಮೊದಲ ಸಲ ಬಾಬಿನ್ ಮಾಮನ ಮುಖವನ್ನು ನೇರವಾಗಿ ನೋಡಿದರು.

“ಬದುಕಿದ್ರಾ?” ಎಂದರು. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬಂದೀತು ಎಂದು ಯಾರೂ ಎಣಿಸಿರಲಿಲ್ಲ. “ಗೇಟಲ್ಲಿ ನೋಡಿದಾಗ್ಲೇ ಅನುಮಾನ ಬಂತು. ಆ ಕಾಲು... ಅದೇ ಕಾಲು. ಕೇಳೋಕೆ ಧೈರ್ಯ ಬರಲಿಲ್ಲ. ಎರಡು ವರ್ಷ ಆಯ್ತು, ನೀವು ಉಳಿದ್ರೋ ಇಲ್ವೋ ಅಂತ ಗೊತ್ತಿಲ್ಲದೇ ನಾನು ಆ ರಸ್ತೇಲೇ ಹೋಗ್ತಿಲ್ಲ.”

“ನೀವೇ ಗುದ್ದಿದ್ದಾ?” ಎಂದಳು ಹೆಂಡತಿ, ನೆಟ್ಟಗೆ.

“ಅಯ್ಯೋ ಇಲ್ಲಮ್ಮಾ! ನಾನು ಬರೋಷ್ಟರಲ್ಲಿ ಇವರು ಬಿದ್ದಾಗಿತ್ತು.” ಅವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. “ಆದ್ರೆ ನನ್ನನ್ನ ದೊಡ್ಡ ಮನುಷ್ಯ ಮಾಡಬೇಡಿ. ನಾನು ನಿಲ್ಲಿಸ್ತಾ ಇರಲಿಲ್ಲ. ದೂರದಿಂದ ಬಿದ್ದಿದ್ದು ಕಾಣಿಸ್ತು. ಪೊಲೀಸು, ಸಾಕ್ಷಿ, ಅಲೆದಾಟ, ಎಲ್ಲ ತಲೇಲಿ ಬಂತು. ಪಕ್ಕದಿಂದ ಹೋಗಿಬಿಡೋಣ ಅಂತ ಸ್ಟೇರಿಂಗೂ ತಿರುಗಿಸಿದೆ. ಆಗ ರಸ್ತೆ ಮಧ್ಯಕ್ಕೆ ಬಂದು ಎರಡೂ ಕೈ ಅಗಲಿಸಿ ನಿಂತುಬಿಟ್ರು. ಬ್ರೇಕು ಹಾಕಿದೆ, ಗಾಡಿ ಜಾರಿ ಕಲ್ಲಿಗೆ ಹೊಡೀತು. ಹೆಡ್‌ಲೈಟು ಹೋಗಿದ್ದು ಆಗ.”

“ಯಾರು ನಿಂತಿದ್ದು?” ಎಂದರು ಸರ್ವೇಯರಮ್ಮ.

ನರ್ಸರಿಯವರು ಅದು ಗೊತ್ತೇ ಇರಬೇಕಲ್ಲ ಎನ್ನುವ ಹಾಗೆ ನೋಡಿದರು. “ಅವರೇ. ಇವರ ಮನೆಯೋರು.”

ಆ ಮಾತು ಯಾರಿಗೂ ತಟ್ಟುವ ಮೊದಲೇ ಬಾಬಿನ್ ಮಾಮ ಊರುಗೋಲನ್ನು ಗೋಡೆಗೆ ಒರಗಿಸಿ, ಎರಡು ಹೆಜ್ಜೆ ಹಾಗೆಯೇ ನಡೆದು, ಆ ಮಣ್ಣಿನ ಕೈಗಳನ್ನು ಹಿಡಿದುಕೊಂಡಿದ್ದ. ಗುದ್ದಿದವರು ಇವರಲ್ಲ. ಅಷ್ಟೇ ಅವನ ಕಿವಿಗೆ ಬಿದ್ದಿತ್ತು. ಎದೆಯ ಮೇಲಿನ ಬಂಡೆ ಇಳಿದ ಹಾಗಾಗಿತ್ತು.

“ನಿಲ್ಲಿಸ್ತಿರಲಿಲ್ಲ ಅಂತೀರಿ. ನಿಲ್ಲಿಸಿದ್ರಲ್ಲ. ಎತ್ತಿದ್ರಲ್ಲ. ಇನ್ನು ಹತ್ತು ನಿಮಿಷ ತಡವಾಗಿದ್ರೆ ರಕ್ತ ಹೋಗೇ ಮುಗೀತಿತ್ತು ಅಂದ್ರು ಡಾಕ್ಟರು. ನಾನು ಬೇರೇನೂ ಕೇಳೋಕೆ ಬಂದಿಲ್ಲ. ಇಷ್ಟು ಹೇಳೋಕೆ ಬಂದೆ.”

ಹೆಂಡತಿ ಕಣ್ಣೊರೆಸಿಕೊಂಡಳು. “ನಮ್ಮ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದ್ದನ್ನ ಇವರು ನೋಡಿದ್ರು. ಮೊನ್ನೆ ಫ್ಯಾನಿನ ಸ್ಪೀಡಿಗೆ ಇಬ್ರೂ ಜಗಳ ಆಡಿ ಎರಡು ದಿನ ಮಾತು ಬಿಟ್ವಿ. ಮಾತು ಬಿಡೋಕಾದ್ರೂ ಮನೇಲಿ ಒಬ್ರು ಇದ್ದಾರಲ್ಲ. ಅದು ನಿಮ್ಮಿಂದ, ಅಣ್ಣಾ.”

ನರ್ಸರಿಯವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. “ಹಿಂದಿನ ಸೀಟು ನೋಡಿದಾಗೆಲ್ಲ ಅದೇ ನೆನಪು. ಅದಕ್ಕೇ ಮಾರೋಕಿಟ್ಟೆ. ಇನ್ನು ಮಾರಬೇಕಾಗಿಲ್ಲ ಅನ್ಸುತ್ತೆ.”

“ಅದೆಲ್ಲ ಆಗಲ್ಲ. ಕಾರು ನಮಗೆ ಬೇಕು,” ಎಂದಳು ಹೆಂಡತಿ, ಮೂಗು ಸೆಳೆದುಕೊಳ್ಳುತ್ತಲೇ. ಎಲ್ಲರೂ ನಕ್ಕರು.

ಸರ್ವೇಯರಮ್ಮ ಮಾತ್ರ ನಗದೆ ಅಲ್ಲೇ ಇದ್ದ ಸ್ಟೂಲು ಎಳೆದುಕೊಂಡು ಕೂತರು.

“ಇವರ ಮನೆಯೋರು ಅಂದ್ರಿ. ಈ ಮನುಷ್ಯ ಅವತ್ತು ಒಬ್ಬರೇ ಇದ್ರು. ಹೆಂಡತಿಗೆ ಸುದ್ದಿ ಗೊತ್ತಾಗಿದ್ದು ಒಂಬತ್ತು ಗಂಟೆಗೆ.”

“ಇಲ್ಲಮ್ಮಾ, ಒಬ್ಬ ಹೆಂಗಸಿದ್ರು. ಅರವತ್ತರ ಹತ್ತಿರ ಇರಬೇಕು. ಹಿಂದಿನ ಸೀಟಲ್ಲಿ ಕೂತು ಇವರ ತಲೇನ ಮಡಿಲಲ್ಲಿ ಇಟ್ಕೊಂಡಿದ್ರು. ದಾರಿ ಪೂರ್ತಿ ಮಾತಾಡಿಸ್ತಾನೇ ಇದ್ರು. ಆಸ್ಪತ್ರೆ ಗೇಟು ಇನ್ನೂ ನೂರು ಹೆಜ್ಜೆ ಇದ್ದಾಗ ನಿಲ್ಲಿಸಿ ಅಂದ್ರು. ‘ನೀವು ಒಳಗೆ ಕರ್ಕೊಂಡು ಹೋಗಿ, ನಾನು ಹಿಂದೇನೇ ಬರ್ತೀನಿ’ ಅಂತ ಇಳಿದ್ರು. ಮನೆಯೋರು ಬರ್ತಾರಲ್ಲ ಅಂತಾನೇ ನಾನು ಹೆಸರು ಹೇಳದೇ ಹೊರಟುಬಿಟ್ಟೆ.”

ಮಾಮ, ಹೆಂಡತಿ ಮುಖಮುಖ ನೋಡಿಕೊಂಡರು. ಆಸ್ಪತ್ರೆಗೆ ಅಂಥ ಯಾವ ಹೆಂಗಸೂ ಬಂದಿರಲಿಲ್ಲ.

“ಏನಂತ ಮಾತಾಡಿಸ್ತಿದ್ರು?” ಎಂದರು ಸರ್ವೇಯರಮ್ಮ.

“ಒಂದೇ ಮಾತು. ‘ಚಿಟಿಕೆ, ಕಣ್ಣು ಮುಚ್ಚಬೇಡ್ವೋ. ಚಿಟಿಕೆ, ಕಣ್ಣು ಬಿಡೋ.’ ಅದೆಂಥ ಹೆಸರು ಅಂತ ಆಗ್ಲೇ ಅನ್ನಿಸಿತ್ತು.”

ಬಾಬಿನ್ ಮಾಮನ ಕೈ ಗಾಳಿಯಲ್ಲಿ ಊರುಗೋಲಿಗಾಗಿ ತಡಕಾಡಿತು. ಹೆಂಡತಿ ಅವನ ತೋಳು ಹಿಡಿದಳು.

“ರೀ, ಏನಾಯ್ತು? ಯಾರು ಚಿಟಿಕೆ?”

“ನಾನು,” ಎಂದ. “ಹುಟ್ಟಿದಾಗ ಚಿಟಿಕೆಯಷ್ಟೇ ಇದ್ದೆನಂತೆ. ನಮ್ಮಕ್ಕ ಇಟ್ಟ ಹೆಸರು. ಅವಳೊಬ್ಬಳೇ ಕರೀತಿದ್ದದ್ದು.” ಅವನು ನಿಧಾನಕ್ಕೆ ಮಣ್ಣಿನ ಚೀಲಗಳ ಮೇಲೆಯೇ ಕುಸಿದು ಕೂತ. “ನನಗೆ ಹನ್ನೊಂದು ವರ್ಷ ಆಗಿದ್ದಾಗ ಮನೆ ಬಿಟ್ಟು ಹೋದಳು. ಎರಡು ವರ್ಷ ಆದ ಮೇಲೆ ತೀರಿಕೊಂಡಳು ಅಂತ ಕಾಗದ ಬಂತು. ಅಪ್ಪ ಅದನ್ನ ಓದಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.”

ಮಾಮನ ಮುಖದಲ್ಲಿ ಭಯವಿರಲಿಲ್ಲ. ಸತ್ತಳೆಂದುಕೊಂಡ ಅಕ್ಕನ ಮಡಿಲಲ್ಲಿ ತಲೆ ಇಟ್ಟುಕೊಂಡು ಬದುಕಿ ಬಂದೆನಲ್ಲ ಎಂಬ ಬೆರಗಿತ್ತು. ಅವನು ಮೆಲ್ಲಗೆ ತನ್ನ ತಲೆಯನ್ನು ತಾನೇ ಮುಟ್ಟಿ ನೋಡಿಕೊಂಡ.

ಸರ್ವೇಯರಮ್ಮ ನರ್ಸರಿಯವರ ಕಡೆ ತಿರುಗಿದರು.

“ಅಷ್ಟು ಬೆಳಿಗ್ಗೆ, ಆ ಮಂಜಲ್ಲಿ, ಮನೆಮಠ ಇಲ್ಲದ ರಸ್ತೇಲಿ, ಆಕೆ ಎಲ್ಲಿಂದ ಬಂದ್ರು ಯಜಮಾನರೇ?”

ನರ್ಸರಿಯವರು ತುಟಿ ಕಚ್ಚಿಕೊಂಡರು. ಮಾಮನನ್ನು ನೋಡಿದರು, ನೆಲ ನೋಡಿದರು.

“ಹೇಳಬಾರದು ಅಂದ್ಕೊಂಡಿದ್ದೆ. ರಸ್ತೆ ಪಕ್ಕ ಇನ್ನೊಂದು ಕಾರು ನಿಂತಿತ್ತು. ದೊಡ್ಡದು, ಬಿಳೀದು. ಇಂಜಿನ್ನು ಓಡ್ತಾನೇ ಇತ್ತು. ಮುಂದಿನ ಗಾಜು ಒಡೆದಿತ್ತು. ಆಕೆ ಅದರಿಂದಲೇ ಇಳಿದಿರಬೇಕು. ಬಾಗಿಲು ಹಾಗೇ ತೆಗೆದಿತ್ತು.”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಾಮನ ಕೈ ತಲೆಯ ಮೇಲೆಯೇ ನಿಂತಿತು.

ಸರ್ವೇಯರಮ್ಮ ಮುಂದಕ್ಕೆ ಬಾಗಿದರು. “ಯೋಚನೆ ಮಾಡಿ ಹೇಳಿ. ಅವಸರ ಇಲ್ಲ. ಯಾವ ಬಾಗಿಲು ತೆಗೆದಿತ್ತು? ಡ್ರೈವರ್ ಕಡೇದಾ, ಪಕ್ಕದ್ದಾ?”

ನರ್ಸರಿಯವರು ಕಣ್ಣು ಮುಚ್ಚಿದರು. ಆ ಮಂಜನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿದರು. ಕಣ್ಣು ತೆರೆದಾಗ ಅವರಿಗೇ ಆಶ್ಚರ್ಯವಾದಂತಿತ್ತು.

“ಎರಡೂ ತೆಗೆದಿದ್ದವು ಅಮ್ಮಾ,” ಎಂದರು. “ಆದ್ರೆ ನನಗೆ ಕಂಡಿದ್ದು, ನನ್ನ ಕಾರಿಗೆ ಹತ್ತಿದ್ದು ಒಬ್ಬರೇ.”